ಬಲಗಾಲಿನ ಅಚ್ಚು

ಸೊಲ್ ಅಮ್ಮನಿಗೆ,

ಹೇಗಿದ್ದೀಯ ಎಂದು ಕೇಳುವ ಹಾಗಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳೂ ಅಲ್ಲ. ಹಾಗಾಗಿ ಅವೆರಡನ್ನೂ ಬಿಟ್ಟು ನೇರವಾಗಿ ನನ್ನ ತಪ್ಪಿಗೇ ಬರುತ್ತೇನೆ. ನಿನ್ನ ಬಲಗಾಲನ್ನು ನಾನು ಕಳೆದುಬಿಟ್ಟೆ ಕಣೇ.

ಬರುವ ಶನಿವಾರ ನಮ್ಮ ಮಗಳು ಸೊಲ್ ಮದುವೆ. ನನ್ನ ಈ ತಪ್ಪನ್ನು ಅವಳಿಗೆ ಹೇಳಿಲ್ಲ, ನಿನ್ನ ಅಕ್ಕನಿಗೂ ಹೇಳಿಲ್ಲ. ಯಾರಿಗೂ ಹೇಳದೆ ಹೋಗಿ ಅಲ್ಲಿ ನಿಂತರೆ ನನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ. ಅದಕ್ಕೇ ಅಂಗಡಿಯ ಬಾಗಿಲಿಗೆ ‘ಊಟಕ್ಕೆ ಹೋಗಿದ್ದೇನೆ’ ಎಂಬ ಹಲಗೆ ತೂಗುಹಾಕಿ, ನಿನ್ನ ಕಂಪ್ಯೂಟರಿನ ಮುಂದೆ ಕೂತು, ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಸಂಗ್ಸು ಬಡಾವಣೆಯ ನಮ್ಮ ಯಜಮಾನರ ಶೂ ಕಾರ್ಖಾನೆಗೆ ನೀನು ಮೊದಲ ಸಲ ಬಂದದ್ದು ಶೂ ಕೊಳ್ಳಲು ಅಲ್ಲ, ಕೆಲಸ ಕೇಳಲು. ಮೆಟ್ಟಿಲ ಮೇಲೆ ಒಂದು ಗಟ್ಟಿ ಹೆಜ್ಜೆ, ಒಂದು ಹಗುರ ಹೆಜ್ಜೆ ಕೇಳಿಸಿ ಎಲ್ಲರೂ ತಲೆ ಎತ್ತಿದ್ದೆವು. ಚಿಕ್ಕಂದಿನಲ್ಲಿ ಪೋಲಿಯೊ ಹಿಡಿದ ಕಾಲು. ಶೂ ಮಾಡುವವನ ಕಣ್ಣು ಇನ್ನೆಲ್ಲಿಗೆ ಹೋದೀತು? ನಾನು ಕಾಲನ್ನೇ ನೋಡುತ್ತಿದ್ದೆ. “ಕಾಲು ನೋಡಿದ್ದು ಸಾಕು, ಸ್ವಲ್ಪ ಕೈನೂ ನೋಡಿ” ಎಂದು ಕತ್ತರಿ ಎತ್ತಿಕೊಂಡವಳು ತೊಗಲನ್ನು ಎಲ್ಲೂ ನಿಲ್ಲಿಸದೆ ಒಂದೇ ಓಟಕ್ಕೆ ಕತ್ತರಿಸಿ ತೋರಿಸಿದೆ. ಯಜಮಾನರು ಅವತ್ತೇ ಕೆಲಸ ಕೊಟ್ಟರು. ನಾನೂ ಅವತ್ತೇ ಮನಸ್ಸು ಕೊಟ್ಟೆ, ಆದರೆ ಅದನ್ನು ಹೇಳಲು ನನಗೆ ಪೂರಾ ಒಂದು ವರ್ಷ ಬೇಕಾಯಿತು.

ಹೇಳಿದ್ದೂ ಬಾಯಲ್ಲಿ ಅಲ್ಲ. ನಮ್ಮ ಕಸುಬಿನಲ್ಲಿ, ತೊಗಲನ್ನು ಎಳೆದು ಶೂ ಕಟ್ಟಲು ಬೇಕಾದ ಕಾಲಿನಾಕಾರದ ಅಚ್ಚನ್ನು ಒಂದು ಕಾಲಿಗಷ್ಟೇ ಮರದಲ್ಲಿ ಕೆತ್ತುತ್ತೇವೆ. ಇನ್ನೊಂದು ಕಾಲು ಅದರದೇ ಕನ್ನಡಿ ರೂಪ, ಅದನ್ನು ಯಂತ್ರ ಮಾಡಿಕೊಡುತ್ತದೆ. ನಾನು ಎರಡನ್ನೂ ಕೈಯಿಂದ ಕೆತ್ತಿದ್ದು ನಿನ್ನೊಬ್ಬಳಿಗೇ. ಎಡದ್ದು ಎಲ್ಲರ ಹಾಗೆ. ಬಲದ್ದು ಎರಡು ಬೆರಳಷ್ಟು ಗಿಡ್ಡ, ಹಿಮ್ಮಡಿ ಸಣ್ಣದು, ಮೇಲ್ಭಾಗ ಉಬ್ಬು, ಹೆಬ್ಬೆರಳು ಒಳಕ್ಕೆ ತಿರುಗಿದ್ದು. ಒಳಗಿನಿಂದಲೇ ಎತ್ತರ ಕೊಟ್ಟು ಮಾಡಿದ ಆ ಕಪ್ಪು ಶೂ ಹಾಕಿಕೊಂಡು ನೀನು ಓಣಿಯ ತುದಿಯವರೆಗೆ ಹೋಗಿಬಂದೆ, ಮತ್ತೆ ಇನ್ನೊಂದು ಸಲ ಹೋಗಿಬಂದೆ. ಆಮೇಲೆ ತಲೆ ತಗ್ಗಿಸಿ ಹೇಳಿದೆ, “ಈ ಕಾಲನ್ನ ಇಷ್ಟು ಹೊತ್ತು ಯಾರೂ ನೋಡಿರ್ಲಿಲ್ಲ. ಇನ್ನು ಬೇರೆಯವರಿಗೆ ತೋರ್ಸೋಕೆ ನಂಗೆ ನಾಚ್ಕೆ. ನೀವೇ ನೋಡ್ಕೋಬೇಕು.” ನಮ್ಮ ಮದುವೆ ಗಟ್ಟಿಯಾದದ್ದು ಅಷ್ಟರಲ್ಲೇ.

ಕಾಗದದ ಮೇಲಿನ ನಮೂನೆಗಳೆಲ್ಲ ಕಂಪ್ಯೂಟರಿಗೆ ಹೋಗುವ ಕಾಲ ಬಂದಾಗ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಕಲಿತವಳು ನೀನು. ಆ ಪೆಟ್ಟಿಗೆಗೆ ತೊಗಲಿನ ವಾಸನೆ ಗೊತ್ತೇನು ಎಂದು ಹಂಗಿಸುತ್ತಾ ಹತ್ತು ವರ್ಷ ಅದರ ಹತ್ತಿರ ಸುಳಿಯದವನು ನಾನು. ಕೊನೆಗೆ ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ, ಹೆಗಲಿಗೆ ಕಂಬಳಿ ಹೊದ್ದು ಅಂಗಡಿಗೆ ಬಂದು, ನನ್ನನ್ನು ಹಿಡಿದು ಕೂರಿಸಿದೆ. ನಾನು ಮೌಸ್ ಒತ್ತುತ್ತಿದ್ದ ರೀತಿ ನೋಡಿ, ಮೊಳೆ ಹೊಡೆಯುವ ಕೆಲಸ ಅಲ್ಲ ಇದು ಎಂದು ನಕ್ಕೆ. ನಕ್ಕರೆ ನಿನಗೆ ಕೆಮ್ಮು ಬರುತ್ತಿತ್ತು, ಆದರೂ ನಕ್ಕೆ.

“ನೋಡ್ರೀ, ಈ ಫೈಲ್ ಮೆನುನ ಕಿಮ್ಚಿ ಜಾಡಿ ಅಂದ್ಕೊಳ್ಳಿ. ಓಪನ್ ಅಂದ್ರೆ ಮುಚ್ಚಳ ತೆಗೆಯೋದು. ಇಂಪೋರ್ಟ್ ಅಂದ್ರೆ ಹೊರಗಿಂದ ಕೋಸು ತಂದು ಒಳಗೆ ತುಂಬೋದು. ಸೇವ್ ಅಂದ್ರೆ ಭದ್ರವಾಗಿ ಮುಚ್ಚೋದು. ಮುಚ್ಚಿದ ಮೇಲೆ ಒಂದ್ಸಲ ಮತ್ತೆ ತೆಗ್ದು ನೋಡಿ, ಏನು ತುಂಬಿದೀನಿ ಅಂತ. ನಿಮ್ಮ ಅವಸರ ನಂಗೊತ್ತು.” ಇದಿಷ್ಟನ್ನೂ ರಟ್ಟಿನ ಚೂರಿನ ಮೇಲೆ ಬರೆದುಕೊಂಡು ಗೋಡೆಗೆ ಅಂಟಿಸಿದ್ದೆ. ಮುಚ್ಚಿದ ಮೇಲೆ ತೆಗೆದು ನೋಡಬೇಕೆಂಬ ಕೊನೆಯ ಮಾತನ್ನು ಮಾತ್ರ ಬರೆದುಕೊಳ್ಳಲಿಲ್ಲ. ಅಷ್ಟೂ ಗೊತ್ತಾಗದವನೇ ನಾನು ಎಂಬ ಕೊಬ್ಬು.

ನೀನು ಹೋದೆ. ನಲವತ್ತೊಂಬತ್ತನೆಯ ದಿನ, ಸತ್ತವರನ್ನು ಆ ಲೋಕಕ್ಕೆ ಬೀಳ್ಕೊಡುವ ಪೂಜೆಗೆ, ಬೌದ್ಧ ದೇವಾಲಯದ ಅಂಗಳದಲ್ಲಿ ನಿನ್ನ ಬಟ್ಟೆಬರೆಯನ್ನೆಲ್ಲ ಸುಡಬೇಕಿತ್ತಲ್ಲ. ಬಟ್ಟೆ ಆಯಿತು, ಹಳೆಯ ಶೂಗಳೂ ಗಂಟಿಗೆ ಸೇರಿದವು. ಅಚ್ಚುಗಳನ್ನು ಮಾತ್ರ ನಾನು ಕೊಡಲಿಲ್ಲ. ನಿನ್ನ ಅಕ್ಕ ಬಿಡಬೇಕಲ್ಲ. “ಕಾಲನ್ನ ಇಲ್ಲೇ ಹಿಡ್ಕೊಂಡು ಕೂತ್ರೆ ಅವಳು ಹೋಗೋದಾದ್ರೂ ಹೇಗೆ? ಅರ್ಧ ದಾರಿಯಿಂದ ಕುಂಟ್ಕೊಂಡು ವಾಪಸ್ ಬರ್ತಾಳೆ” ಎಂದಳು. ಆ ಮಾತು ನನ್ನನ್ನು ಚುಚ್ಚಿತು. ನಿಜ ಹೇಳಬೇಕೆಂದರೆ ನೀನು ವಾಪಸ್ ಬರುವುದೇ ನನಗೆ ಬೇಕಾಗಿತ್ತು. ಆದರೂ ಅಷ್ಟು ದೂರದ ದಾರಿಯಲ್ಲಿ ನಿನ್ನನ್ನು ಎರಡೆರಡು ಸಲ ನಡೆಸುವಷ್ಟು ಕೆಟ್ಟವನಾಗಲಾರೆ. ಅಚ್ಚನ್ನು ಕಂಪ್ಯೂಟರಿಗೆ ಹಾಕಿಟ್ಟುಕೊಂಡು ಮರವನ್ನು ಕೊಟ್ಟುಬಿಡೋಣ ಎಂದುಕೊಂಡೆ.

ಸುಡುವ ಹಿಂದಿನ ದಿನ ಮಧ್ಯಾಹ್ನ ಸ್ಕ್ಯಾನರಿನ ಮೇಲೆ ನಿನ್ನ ಎಡಗಾಲಿನ ಅಚ್ಚನ್ನು ಇಟ್ಟೆ. ಫೈಲ್, ಇಂಪೋರ್ಟ್. ಇನ್ನೊಂದು ಕಾಲನ್ನೂ ಇದರಂತೆಯೇ ಮಾಡಲೇ ಎಂದು ಅದು ಕೇಳಿತು. ಗಿರಾಕಿಗಳ ಅಚ್ಚಿಗೆ ಯಾವಾಗಲೂ ಹೌದು ಎನ್ನುತ್ತೇವೆ, ನನ್ನ ಬೆರಳು ಹೌದು ಎಂದಿತು. ಪರದೆಯ ಮೇಲೆ ಎರಡು ಕಾಲು ಬಂದು ನಿಂತವು. ಕಣ್ಣು ಮಂಜಾಗಿತ್ತು, ಕನ್ನಡಕ ಹಣೆಯ ಮೇಲಿತ್ತು. ಎರಡು ಕಾಲು ಕಂಡವು, ಸೇವ್ ಒತ್ತಿದೆ. ಹೆಸರು ಕೇಳಿತು, ‘ಸೊಲ್ ಅಮ್ಮ’ ಎಂದು ಬರೆದೆ. ಮೇಜಿನ ಮೇಲೆ ಬಲಗಾಲಿನ ಅಚ್ಚು ಹಾಗೇ ಕೂತಿತ್ತು ಕಣೇ, ನನ್ನ ಮೊಣಕೈಗೆ ತಾಗಿಕೊಂಡು. ನಲವತ್ತು ವರ್ಷ ಊರವರಿಗೆಲ್ಲ ಮಾಡಿದ ಹಾಗೆ ಅವತ್ತು ನಿನಗೂ ಮಾಡಿಬಿಟ್ಟೆ. ಸಂಜೆ ಸೊಲ್ ಬಂದು ಎರಡೂ ಸೇರಿತಾ ಅಪ್ಪ ಎಂದು ಕೇಳಿದಳು. ಹೋಗೇ, ನಿಮ್ಮಮ್ಮ ನನಗೆ ಕಲಿಸಿದ್ದಾಳೆ ಎಂದು ಗದರಿದೆ. ಮರುದಿನ ನನ್ನ ಕೈಯಾರೆ ಎರಡನ್ನೂ ಬೆಂಕಿಗೆ ಇಟ್ಟೆ. ಒಣಗಿದ ಮರ, ಚೆನ್ನಾಗಿ ಉರಿಯಿತು.

ಎರಡು ವಾರದ ಹಿಂದಿನವರೆಗೆ ಇದೇನೂ ನನಗೆ ಗೊತ್ತಿರಲಿಲ್ಲ. ಮದುವೆಯಲ್ಲಿ ಅಮ್ಮನ ಕುರ್ಚಿ ಖಾಲಿ ಬಿಡ್ತೀನಿ, ಅದರ ಮುಂದೆ ಅಮ್ಮನ ಒಂದು ಜೊತೆ ಶೂ ಇಡಬೇಕು, ಹೊಸದಾಗಿ ಮಾಡಿಕೊಡು ಎಂದು ಸೊಲ್ ಕೇಳಿದಳು. ನಾನು ಜಂಬದಿಂದ ಫೈಲನ್ನು ಹಿಂದಿನ ಬೀದಿಯ ಕಾರ್ಖಾನೆಗೆ ಕಳಿಸಿದೆ. ಅಚ್ಚು ಕೊರೆಯುವ ಯಂತ್ರ ಅವರಲ್ಲಿದೆ. ತರಲು ಹೋದಾಗ ಅಲ್ಲಿಯ ಮೇಸ್ತ್ರಿ ಪ್ಯೋ ಎರಡನ್ನೂ ನನ್ನ ಕೈಗೆ ಕೊಟ್ಟು, “ಚೆನ್ನಾಗಿ ಬಂದಿದೆ ಯಜಮಾನ್ರೇ, ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ” ಎಂದ. ಎರಡು ಕೈಯಲ್ಲಿ ಒಂದೇ ತೂಕ. ಅಷ್ಟು ಸಾಕಾಯಿತು ನನಗೆ. ಅಲ್ಲೇ ತೊಗಲಿನ ಮೂಟೆಯ ಮೇಲೆ ಕೂತುಬಿಟ್ಟೆ. ಪಾಪ, ಅವನು ಬಾರ್ಲಿ ಚಹಾ ತಂದುಕೊಟ್ಟ.

ಓಡಿಬಂದು ಫೈಲ್ ತೆರೆದೆ. ಕಂಪ್ಯೂಟರಿನಲ್ಲಿದ್ದ ಒಂದೊಂದು ಫೈಲನ್ನೂ ತೆರೆದೆ. ಬಲಗಾಲು ಎಲ್ಲಿಂದ ಬರಬೇಕು? ಹಾಕಿದ್ದರೆ ತಾನೇ ಇರುವುದು. ‘ಸೊಲ್ ಅಮ್ಮ’ ಫೈಲಿನೊಳಗೆ ಎರಡು ನೆಟ್ಟಗಿನ, ಸಮನಾದ, ಆರೋಗ್ಯದ ಕಾಲುಗಳು ನಿಂತಿದ್ದವು.

ನೀನು ಒಂದು ಸಲ, ಸೊಲ್ ಹೊಟ್ಟೆಯಲ್ಲಿದ್ದಾಗ, ಹೇಳಿದ್ದೆ. ದೊಡ್ಡ ಅಂಗಡಿಗೆ ಹೋಗಿ, ಗಾಜಿನ ಕಪಾಟಿನಿಂದ ಯಾವುದೋ ಒಂದು ಜೊತೆ ತೆಗೆಸಿ, ಹಾಕಿಕೊಂಡು ಹಾಗೇ ಹೊರಟುಬಿಡಬೇಕು, ಜೀವಮಾನದಲ್ಲಿ ಒಂದೇ ಒಂದು ಸಲ ಎಂದು. ನನ್ನ ಕೈಕೆಲಸ ಸಾಲದೇ ಎಂದು ನಾನು ಮೂರು ದಿನ ಮುಖ ಊದಿಸಿಕೊಂಡಿದ್ದೆ. ಈಗ ನೋಡು, ನೀನು ಬೇಡಿದ್ದ ಕಾಲನ್ನೇ ಈ ಯಂತ್ರ ನಿನಗೆ ಕೊಟ್ಟಿದೆ. ಸಂತೋಷಪಡಬೇಕಾದವನು ನಾನು. ಆದರೆ ನನಗೆ ಅದು ಬೇಡವೇ ಬೇಡ. ನನಗೆ ನಿನ್ನ ಕುಂಟುಗಾಲೇ ಬೇಕು. ಇಷ್ಟು ಸ್ವಾರ್ಥಿ ಎಂದು ನನಗೇ ಗೊತ್ತಿರಲಿಲ್ಲ.

ಬಲಗಾಲನ್ನು ನೆನಪಿನಿಂದಲೇ ಕೆತ್ತಲು ಕೂತೆ. ಎಷ್ಟು ಸಂಜೆ ಎಣ್ಣೆ ಹಚ್ಚಿ ನೀವಿದ ಕಾಲು ಅದು, ಕಣ್ಣು ಕಟ್ಟಿದರೂ ಬಂದೀತು ಎಂದುಕೊಂಡೆ. ಮೂರು ಸಲ ಕೆತ್ತಿದೆ, ಮೂರೂ ಬೇರೆ ಬೇರೆ ಬಂದವು. ಒಂದರಲ್ಲಿ ಉಬ್ಬು ಹೆಚ್ಚು, ಒಂದರಲ್ಲಿ ಹಿಮ್ಮಡಿ ದಪ್ಪ. ಯಾವುದು ನೀನು, ಯಾವುದು ನನ್ನ ಊಹೆ ಎಂದು ತಿಳಿಯದೆ ಮೂರನ್ನೂ ಮಡಿಲಲ್ಲಿಟ್ಟುಕೊಂಡು ಅತ್ತೆ. ನೀನು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಕೊನೆಗೆ ಎರಡನೆಯದರ ಮೇಲೆ ಶೂ ಕಟ್ಟಿದೆ. ನಿನ್ನೆ ಸೊಲ್ ಬಂದು ಅದರೊಳಗೆ ಕೈಯಿಟ್ಟು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಬೆರಳಾಡಿಸಿದಳು. “ಅಮ್ಮನ ಕಾಲೇ ಇದು. ಕಂಪ್ಯೂಟರಲ್ಲಿ ಉಳಿಸಿಟ್ಟಿದ್ದು ಎಷ್ಟು ಒಳ್ಳೇದಾಯ್ತು ಅಪ್ಪ” ಎಂದಳು. ನಾನು ಹೂಂ ಎಂದೆ.

ಅವಳು ಶನಿವಾರ ಅದನ್ನು ಕುರ್ಚಿಯ ಮುಂದೆ ಇಡುತ್ತಾಳೆ. ಜನ ನೋಡುತ್ತಾರೆ, ನಿನ್ನ ಅಕ್ಕ ಅಳುತ್ತಾಳೆ, ಎಲ್ಲರೂ ಅದು ನಿನ್ನ ಕಾಲು ಎಂದೇ ನಂಬುತ್ತಾರೆ. ಶೂ ಸರಿಯೋ ತಪ್ಪೋ ಹೇಳಬೇಕಾದವರು ಅದನ್ನು ಹಾಕಿಕೊಂಡು ನಡೆಯುವವರು. ನಾನೀಗ ಯಾರನ್ನು ಕೇಳಲಿ? ಎಲ್ಲಿ ಒತ್ತುತ್ತದೆ ಎಂದು ಒಂದು ಮಾತು ಹೇಳಿಬಿಡೇ, ಅಷ್ಟನ್ನು ತೆಗೆದುಕೊಡುತ್ತೇನೆ.

ನೀನಿರುವಲ್ಲಿ ದಾರಿ ಮೆತ್ತಗಿರಲಿ. ಮಗಳನ್ನು ಹರಸು. ನನ್ನನ್ನು ಬೈದುಬಿಡು.

ನಿನ್ನವನು,
ಸೊಲ್ ಅಪ್ಪ