ರೆಕಾರ್ಡ್ ಕೌಂಟರಿನಾಚೆ ಅಕ್ಕ

ಷಿಕಾಗೊ. ೧೧ ಜೂನ್ ೧೯೨೯, ಮಂಗಳವಾರ

ಲಾಂಡ್ರಿ ಕೆಲಸ ಮುಗಿಸಿ ನೇರ ನಲವತ್ತೇಳನೇ ಬೀದಿಗೆ. ಇಸ್ತ್ರಿಯ ಹಬೆಗೆ ಕೂದಲೆಲ್ಲ ಮುದುಡಿತ್ತು, ಹಾಗೇ ಹೋದೆ. ಅಂಗಡಿ ಮುಂದೆ ನಮ್ಮ ಕರಿಯರು, ಯಾರೂ ಒಳಗೆ ಹೋಗಿ ಕೊಳ್ಳದಂತೆ ತಡೆಯಲು, ಸಾಲಾಗಿ ನಿಂತಿದ್ದರು. ಒಳಗೆ ಗ್ರಾಮಫೋನಿನಲ್ಲಿ ನಮ್ಮವರ ಕಹಳೆ, ನಮ್ಮವರ ಡ್ರಮ್ಮು. ಕೊಳ್ಳುವವರೂ ನಾವೇ. ಮಾರುವ ಹುಡುಗಿಯರು ಮಾತ್ರ ಎಲ್ಲ ಬಿಳಿಯರು. ಕರಿಯರ ಕೈಗೆ ಅಲ್ಲಿ ಪೊರಕೆ ಬಿಟ್ಟು ಬೇರೇನೂ ಕೊಟ್ಟಿಲ್ಲ. "ಹಾಡು ನಮ್ಮದು, ಕೆಲಸ ಯಾರದು?" — ಗಂಟಲು ಹರಿಯುವಂತೆ ಕೂಗಿದೆ.

ನಮ್ಮವನೇ ಒಬ್ಬ ಶೋಕಿಲಾಲ ಸಾಲನ್ನು ಸೀಳಿಕೊಂಡು ನುಗ್ಗಿದ. "ದಾರಿ ಬಿಡ್ರಮ್ಮಾ, ಮನೇಲಿ ಪಾರ್ಟಿ ಇದೆ. ಒಂದೇ ಒಂದು ಹಾಡಿನ ಪ್ಲೇಟು ತಗೊಂಡು ಬಂದ್ಬಿಡ್ತೀನಿ."

ನಮ್ಮ ಮುಖಂಡರು ಮಿಸೆಸ್ ಗೇದರ್ ಅಡ್ಡ ನಿಂತರು. "ಪಾರ್ಟೀಲಿ ನೀನೇ ಹಾಡಪ್ಪಾ."

"ನಾನ್ ಹಾಡಿದ್ರೆ ಬಂದೋರೆಲ್ಲಾ ಎದ್ದು ಓಡ್ತಾರೆ!"

"ಒಳ್ಳೇದೇ ಆಯ್ತಲ್ಲ, ಕೋಳಿ ಉಳಿಯುತ್ತೆ."

ನಗುತ್ತಾ ವಾಪಸ್ ಹೋದ. ಗೆದ್ದೇ ಗೆಲ್ಲುತ್ತೇವೆ.

೧೪ ಜೂನ್, ಶುಕ್ರವಾರ



ರೆಕಾರ್ಡ್ ಕೌಂಟರಿಗೆ ಹೊಸ ಹುಡುಗಿ. ಊರ ನಡುವಿನ ಇವರದೇ ದೊಡ್ಡ ಅಂಗಡಿಯಿಂದ ವರ್ಗವಾಗಿ ಬಂದವಳಂತೆ. ಗಾಜಿನೊಳಗೆ ಇಣುಕಿದೆ. ಅಕ್ಕ. ನಮ್ಮ ಆರ್ಡೆಲ್!

ನಾನು ಅಪ್ಪನ ಬಣ್ಣ, ಅವಳು ಅಜ್ಜಿಯ ಬಣ್ಣ — ಬಿಳಿಯರ ನಡುವೆ ಕೂತರೆ ಬಿಳಿಯಳೇ. ನಾಲ್ಕು ವರ್ಷದ ಹಿಂದೆ ಬಣ್ಣದ ಗೆರೆ ದಾಟಿ, ಬಿಳಿಯಳೆಂದು ಹೇಳಿಕೊಂಡು ಆಚೆ ಹೋದಳು. ಹೆಸರು ಬದಲಾಯಿಸಿಕೊಂಡಳು. ಹಾಗೆ ದಾಟಿದವರು ಎದುರು ಬಂದರೂ ಗುರುತು ಹಿಡಿಯಬಾರದು. ಇದು ನಮ್ಮಲ್ಲಿ ಯಾರೂ ಹೇಳಿಕೊಟ್ಟಿದ್ದಲ್ಲ, ಎಲ್ಲರಿಗೂ ಗೊತ್ತು.

ಅವಳೂ ನನ್ನನ್ನು ನೋಡಿದಳು. ಗೋಡೆ ನೋಡಿದ ಹಾಗೆ.

ಸಾಲಿನ ಕೊನೆಗೆ ಹೋಗಿ ನಿಂತೆ. ಯಾರ ಮೇಲೆ ಕೂಗುತ್ತಿದ್ದೇನೆ?

೧೬ ಜೂನ್, ಭಾನುವಾರ

ಚರ್ಚಿನ ಮೆಟ್ಟಿಲಲ್ಲಿ ಟೆಂಪಿ ಅತ್ತೆ ತೋಳು ಹಿಡಿದು ನಿಲ್ಲಿಸಿದಳು. "ಪ್ಲೇಟು ಮಾರೋ ಹುಡುಗಿ ಬಲೇ ಲಕ್ಷಣವಾಗಿದ್ದಾಳೆ ಅಲ್ವೇನೇ? ಯಾರೋ ಏನೋ, ನಮಗ್ಯಾಕೆ." ಕಣ್ಣು ಮಿಟುಕಿಸಿದಳು. ಅಂದರೆ ಬೀದಿಗೆಲ್ಲಾ ಗೊತ್ತು! ಗೊತ್ತಿದ್ದೂ ಎಲ್ಲರ ಬಾಯಿಗೆ ಬೀಗ.

ಮನೆಯಲ್ಲಿ ಅಮ್ಮ ಬೀನ್ಸ್ ಸೋಸುತ್ತಾ, ತಲೆ ಎತ್ತದೆ ಕೇಳಿದಳು: "ಸಣ್ಣಗಾಗಿದ್ದಾಳಾ?"

"ಯಾರಮ್ಮಾ?"

"ಯಾರೂ ಇಲ್ಲ ಬಿಡು."

೨೧ ಜೂನ್, ಶುಕ್ರವಾರ

ಮಿಸೆಸ್ ಗೇದರ್ ಪಕ್ಕಕ್ಕೆ ಕರೆದರು. "ನಾಳೆ ಪತ್ರಿಕೆಯವರು ಬರ್ತಾರೆ. ಬಾಗಿಲಲ್ಲಿ ನಿಂತು ನಿಮ್ಮಕ್ಕನ್ನ ಹೆಸರು ಹಿಡಿದು ಕೂಗು. ಇವಳೂ ಕರಿಯಳೇ, ವಾರದಿಂದ ನಿಮ್ಮ ಅಂಗಡೀಲೇ ಪ್ಲೇಟು ಮಾರ್ತಿದ್ದಾಳೆ, ಆಕಾಶ ಬಿತ್ತಾ ಅಂತ ಮ್ಯಾನೇಜರನ್ನ ಕೇಳೋಣ."

"ಅವಳ ಕೆಲಸ ಹೋಗುತ್ತೆ ಮೇಡಂ."

"ನಮ್ಮ ಸಾವಿರ ಹುಡುಗೀರಿಗೆ ಕೆಲಸವೇ ಇಲ್ಲವಲ್ಲೇ! ಅವಳು ನಮ್ಮನ್ನ ತುಳಿದು ತಾನೇ ಹತ್ತಿದ್ದು?"

ಮಾತು ನ್ಯಾಯ. ನಾನೇ ಸಭೆಯಲ್ಲಿ ಹೇಳುವ ಮಾತು. ಹಾಗಿದ್ದೂ… ಅವಳು ದ್ರೋಹಿಯೋ? ಅಥವಾ ನಮ್ಮೆಲ್ಲರಿಗಿಂತ ಮೊದಲೇ, ಒಬ್ಬಳೇ ಒಳಗೆ ನುಗ್ಗಿದವಳೋ? ಹಾಗಾದರೆ ನಮ್ಮ ಹೋರಾಟ ಗೆದ್ದು ಆಗಿದೆಯೇ? ಛೆ… ಏನು ಬರೆಯುತ್ತಿದ್ದೇನೆ.

೨೨ ಜೂನ್, ಶನಿವಾರ

ಊಟದ ಬಿಡುವಿಗೆ ಅಕ್ಕ ಹೊರಬಂದಳು, ಇಬ್ಬರು ಬಿಳಿ ಗೆಳತಿಯರ ಜೊತೆ. ಕ್ಯಾಮೆರಾ ಸಿದ್ಧ. ಮಿಸೆಸ್ ಗೇದರ್ ಬೆನ್ನಿಗೆ ತಿವಿದರು. ಬಾಯಿ ತೆರೆದೆ. "ಆರ್—" ಎನ್ನಬೇಕಿತ್ತು. "ಹಾಡು ನಮ್ಮದು!" ಎಂದು ಕಿರುಚಿದೆ.

ಗೆಳತಿಯೊಬ್ಬಳು ಹೇಳಿದ್ದು ಕೇಳಿಸಿತು: "ಇದೇನೇ, ನಿನ್ನನ್ನೇ ನುಂಗೋ ಹಾಗೆ ನೋಡ್ತಾಳೆ!"

ಅಕ್ಕ ಅಂದಳು: "ಬಿಸಿಲಿಗೆ ತಲೆ ತಿರುಗಿರಬೇಕು, ಪಾಪ."

ಮಿಸೆಸ್ ಗೇದರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

೯ ಜುಲೈ, ಮಂಗಳವಾರ

ಗೆದ್ದೆವು. ಅಂಗಡಿ ಖಾಲಿ ಹೊಡೆದು ಹೊಡೆದು ಮ್ಯಾನೇಜರ್ ಲಿಂಡ್‌ಗ್ರೆನ್ ಬಗ್ಗಿದ. ಸದ್ಯಕ್ಕೆ ನಮ್ಮಲ್ಲಿ ಒಬ್ಬಳಿಗೆ ಕೆಲಸ. "ನಿಮ್ಮವರಲ್ಲೇ ಒಳ್ಳೆ ಹುಡುಗೀನ ಆರಿಸಿ ಕಳಿಸಿ" ಎಂದನಂತೆ.

ಸಭೆಯಲ್ಲಿ ಮಿಸೆಸ್ ಗೇದರ್ ಎದ್ದು ನಿಂತು ನನ್ನ ಹೆಸರು ಹೇಳಿದರು. ಚಪ್ಪಾಳೆ. ಆಮೇಲೆ ಮೂಲೆಯಲ್ಲಿ ಕಿವಿಗೆ: "ರೆಕಾರ್ಡ್ ಕೌಂಟರ್. ಕೆಲಸ ಕಲಿಸೋಳು ಅವಳೇ. ಹೋಗಿ ಪಕ್ಕದಲ್ಲಿ ನಿಂತ್ಕೋ. ಎಷ್ಟು ದಿನ ಮುಖ ತಿರುಗಿಸ್ಕೊಂಡಿರ್ತಾಳೋ ನೋಡೇಬಿಡೋಣ."

ಬಹುಮಾನವೋ ಶಿಕ್ಷೆಯೋ ತಿಳಿಯುತ್ತಿಲ್ಲ. ಬೀದಿಯೆಲ್ಲ ಕುಣಿಯುತ್ತಿದೆ. ನಾನೂ ಕುಣಿದೆ.

೧೫ ಜುಲೈ, ಸೋಮವಾರ, ಸಂಜೆ

ಮೊದಲ ದಿನ. ಲಿಂಡ್‌ಗ್ರೆನ್ ಕೌಂಟರಿಗೆ ಒರಗಿ ನೋಡುತ್ತಾ ನಿಂತಿದ್ದ. ಅಕ್ಕ ಪ್ಲೇಟುಗಳ ಕಡೆ ಕೈ ತೋರಿಸಿದಳು, ಮುಖ ನೋಡಲಿಲ್ಲ.

"ನಿನ್ನ ಹೆಸರೇನು?"

"ಲಿಯೋಟಾ, ಮೇಡಂ." ಒಡಹುಟ್ಟಿದವಳಿಗೆ ಮೇಡಂ! ನಾಲಗೆ ತಾನಾಗಿ ಹೇಳಿಬಿಟ್ಟಿತು.

"ಮನೇಲಿ ಯಾರ್ಯಾರಿದ್ದಾರೆ?"

ಆಗ ಅರ್ಥವಾಯಿತು, ಏನು ಕೇಳುತ್ತಿದ್ದಾಳೆಂದು. "ಅಮ್ಮ ಇದ್ದಾಳೆ. ಅಪ್ಪ ಹೋದ ಚಳಿಗಾಲ ತೀರಿಕೊಂಡರು." ಪ್ಲೇಟಿನ ಮೇಲಿದ್ದ ಅವಳ ಬೆರಳು ನಿಂತುಬಿಟ್ಟಿತು. ಅವಳಿಗೆ ಗೊತ್ತೇ ಇರಲಿಲ್ಲ. ಹೇಳಿ ಕಳಿಸುವವರಾದರೂ ಯಾರಿದ್ದರು?

"ಅಮ್ಮ… ಆರೋಗ್ಯವಾಗಿದ್ದಾರಾ?"

"ಮಂಡಿ ನೋವು. ಮೆಟ್ಟಿಲು ಹತ್ತೋಕಾಗಲ್ಲ."

ಲಿಂಡ್‌ಗ್ರೆನ್ ನಕ್ಕ. "ಅಕ್ಕ ತಂಗಿ ಯಾರೂ ಇಲ್ವಾ? ಇದ್ರೆ ಅವರನ್ನೂ ತಂದು ತುಂಬ್ತಾರೆ ನಿಮ್ಮೋರು!"

ಈಗ ಮಾತ್ರ ಅಕ್ಕ ತಲೆ ಎತ್ತಿ ನನ್ನನ್ನೇ ನೋಡಿದಳು. ಒಂದು ಮಾತು ಸಾಕಿತ್ತು. ಮಿಸೆಸ್ ಗೇದರ್ ಬಯಸಿದ ಮಾತು.

"ಒಬ್ಬಳು ಅಕ್ಕ ಇದ್ದಳು," ಎಂದೆ. "ತೀರಿಕೊಂಡಳು."

"ಅಯ್ಯೋ," ಎಂದಳು ಅಕ್ಕ, ತೀರಾ ಮೆಲ್ಲಗೆ. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಮೊದಲ ಗಿರಾಕಿಗೆ ನಾನೇ ಪ್ಲೇಟು ಮಾರಿದೆ. ಹೊರಗೆ ನಮ್ಮವರು ಗಾಜಿಗೆ ಮೂಗು ಒತ್ತಿ ಕೈ ಬೀಸುತ್ತಿದ್ದರು.

ಅವಳನ್ನು ಕಾಪಾಡಿದೆನೋ, ಕೊಂದೆನೋ?

ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಾಳೆ — ಬಾರೇ, ಏನಂದ್ಲು, ಏನಾದ್ರೂ ಕೇಳಿದ್ಲಾ? ಮಂಡಿ ನೋವು ವಿಚಾರಿಸಿದಳು ಎಂದಷ್ಟೇ ಹೇಳಲೋ, ಅಥವಾ ಅಕ್ಕ ತೀರಿಕೊಂಡಳೆಂದು ನಾನು ಹೇಳಿದ್ದನ್ನೂ ಹೇಳಿಬಿಡಲೋ?