ಕಣ್ಣಾರೆ ಕಂಡವಳು

ಆಗಸ್ಟ್ 11, ಸೋಮವಾರ

ಹಾಲು ಡೈರಿಗೆ ಹಾಕಿ ಬಂದೆ. ಅವ್ವ ಗಂಜಿ ಕುಡಿದಳು. ಶನಿವಾರ ಬಟ್ಟೆ ಒಗೆಯುವಾಗ ಅವಳು ನಾಲೆಗೆ ಜಾರಿದ್ದಳು. ಪಕ್ಕದ ಮನೆ ಕರಿಯಯ್ಯ ಮಾವ ಧುಮುಕಿ ಎಳೆದು ತಂದರು. ಬೋರಲು ಮಲಗಿಸಿ ಬೆನ್ನು ಒತ್ತಿದರು. ನೀರು ಕಕ್ಕಿದಳು. ಉಸಿರು ನಿಂತಿರಲಿಲ್ಲ — ದಡದಲ್ಲಿದ್ದು ಕಂಡವಳು ನಾನೊಬ್ಬಳೇ. ಪಾಸ್ಟರ್ ಚಿಕ್ಕಸ್ವಾಮಿ ಬಂದು ಪ್ರಾರ್ಥನೆ ಮಾಡಿದ್ದು ಸಂಜೆ.

ಆಗಸ್ಟ್ 17, ಭಾನುವಾರ

ಪ್ರಾರ್ಥನಾ ಮನೆಯಲ್ಲಿ ಸಾಕ್ಷಿ ಹೇಳಿದೆ. ನಡೆದದ್ದು ನಡೆದ ಹಾಗೆ. ಎಲ್ಲರೂ ‘ಸ್ತೋತ್ರ’ ಅಂದರು. ಬರೆದುಕೊಡು ಅಂದರು ಪಾಸ್ಟರ್. ಕೊಟ್ಟೆ. ಮೂರು ವರ್ಷದ ಹಿಂದೆ ನನ್ನನ್ನು ಈ ನಂಬಿಕೆಗೆ ತಂದದ್ದು ಅವರ ಒಂದೇ ಮಾತು — ಯೇಸು ಎದ್ದದ್ದು ಕಟ್ಟುಕಥೆಯಲ್ಲ, ಕಂಡವರು ಹೇಳಿದ್ದು, ಹೇಳಿ ಜೀವ ಕೊಟ್ಟರು.

ಸೆಪ್ಟೆಂಬರ್ 18, ಗುರುವಾರ

ಹ್ಯಾಂಡ್‌ಬಿಲ್ ಬಂತು. ಭಾನುವಾರ ನಾಗಮಂಗಲದಲ್ಲಿ ಕೂಟ. ‘ಸತ್ತು ಒಂದು ಗಂಟೆಯ ಮೇಲೆ ಪ್ರಾರ್ಥನೆಯಿಂದ ಎದ್ದ ಪ್ರೇಮಮ್ಮ. ಕಣ್ಣಾರೆ ಕಂಡ ಸಾಕ್ಷಿ: ಮಗಳು ಅನಿತ.’ ಅವ್ವನ ಹೆಸರಿದೆ, ನನ್ನದಿದೆ; ಕರಿಯಯ್ಯ ಮಾವನ ಹೆಸರೇ ಇಲ್ಲ. ಪಾಸ್ಟರಿಗೆ ಫೋನ್ ಮಾಡಿದೆ.

“ಸಣ್ಣಪುಟ್ಟದ್ದು ಬುಡವ್ವ. ಜನ ನಂಬೋದು ಮುಖ್ಯ.”

“ನೀವು ಅಲ್ಲಿರಲೇ ಇಲ್ವಲ್ಲ ಅಯ್ಯನೋರೆ.”

“ದೇವ್ರು ಇದ್ನಲ್ಲ.”

ಅವ್ವನನ್ನು ಕೇಳಿದೆ. “ಸತ್ತೇ ಓಗಿದ್ದೆ ಕಣೆ. ಬೆಳಕು ಕಾಣ್ತು,” ಅಂದಳು. ಬಿದ್ದ ದಿನ ಬರೀ ಕೆಸರು ಕಂಡಿತು ಅಂದಿದ್ದಳು.

ನಲವತ್ತು ದಿನಕ್ಕೇ ಹೀಗೆ. ಯೇಸು ಎದ್ದದ್ದನ್ನು ಕಂಡ ಆ ಮೊದಲಿನವರ ಮಾತು ಬರಹಕ್ಕೆ ಬಂದದ್ದು ಎಷ್ಟೋ ವರ್ಷ ಕಳೆದ ಮೇಲಂತೆ... ಅವರ ನಡುವೆಯೂ ಇಂಥ ಒಬ್ಬ ಪಾಸ್ಟರ್ ಇದ್ದನೇ? ಈ ಮನುಷ್ಯ ನನ್ನ ಹೆಸರನ್ನಷ್ಟೇ ಅಲ್ಲ, ನಂಬಿದ್ದನ್ನೂ ಕೆಡಿಸಿದ.

ಸೆಪ್ಟೆಂಬರ್ 22, ಸೋಮವಾರ. ಬೆಳಗ್ಗೆ 6

ನಿಜ ಹೇಳಬೇಕೆಂದೇ ನಿನ್ನೆ ಸ್ಟೇಜ್ ಹತ್ತಿದೆ. ಅಷ್ಟರಲ್ಲಿ ಅವ್ವ ಅಳುತ್ತಾ ಎಲ್ಲ ಹೇಳಿ ಮುಗಿಸಿದ್ದಳು — ಸಾವು, ಬೆಳಕು, ತಲೆ ಮೇಲಿಟ್ಟ ಪಾಸ್ಟರ್ ಕೈ. ಅವರು ಮೈಕನ್ನು ನನ್ನ ಬಾಯಿಗೆ ಹಿಡಿದರು. “ನೀನು ಕಂಡಿದ್ದು ನಿಜವೇನವ್ವ?” ಅಷ್ಟು ಜನ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ಹೌದು ಅಂದೆ.

ಸಂಜೆ 5

ಕರಿಯಯ್ಯ ಮಾವ ಬಂದಿದ್ದರು. ಯಾರೋ ಅವರಿಗೆ ಕೂಟದ ವೀಡಿಯೊ ತೋರಿಸಿದ್ದಾರೆ. ಕೂತ್ಕೊಳ್ಳಿ ಅಂದರೆ ಕೂರಲಿಲ್ಲ.

“ಊರಲ್ಲಿ ನಗ್ತಾವ್ರೆ ಕಣವ್ವ. ನಾನು ನೀರಿಗೇ ಇಳಿನಿಲ್ವಂತೆ, ಬಡಾಯಿ ಕೊಚ್ಕೊಂಡ್ನಂತೆ. ಕಂಡೋಳು ನೀನೊಬ್ಳೇ. ನೀನೇ ಯೋಳು.”

ಅವ್ವ ಬಾಗಿಲಲ್ಲಿ ನಿಂತಿದ್ದಳು. ನಾನು ಮಾವನಿಗೆ, “ನೀರಿಗೆ ಧುಮುಕಿದ್ದು ನೀವೇ, ನಿನ್ನೆ ನಾನು ಸುಳ್ಳು ಹೇಳ್ದೆ, ಊರ ಮುಂದೆಯೂ ಇದನ್ನೇ ಹೇಳ್ತೀನಿ,” ಅಂದೆ.