ಬೇರೆ ತೆಗೆದಿಟ್ಟ ಸಾರು

ತಾಲ್ಲೂಕಿನ ಶಾಲಾ ಬಿಸಿಯೂಟದ ಅಧಿಕಾರಿಗಳಿಗೆ,

ಮಾನ್ಯರೇ,

ಎಂಟು ವರ್ಷದ ನನ್ನ ಮಗಳಿಗೆ ಬೇರೆ ಪಾತ್ರೆಯಲ್ಲಿ ಸಾರು ತೆಗೆದಿಟ್ಟ ತಪ್ಪಿಗೆ ನೀವು ನಮ್ಮೂರ ಶಾಲೆಯ ಅಡುಗೆಯವರಾದ ರೇಣುಕವ್ವನನ್ನು ಕೆಲಸದಿಂದ ತೆಗೆದಿರಿ. ಆಪಾದನೆ: ಪಂಕ್ತಿಭೇದ. ನಿಮ್ಮ ಆದೇಶದಂತೆ ಎಲ್ಲ ಮಕ್ಕಳಿಗೂ ಒಂದೇ ಪಾತ್ರೆಯಿಂದ ಬಡಿಸಲು ಶುರುವಾದ ಒಂಬತ್ತನೆಯ ದಿನ ನನ್ನ ಮಗಳು ತುಟಿ, ನಾಲಿಗೆ ಬಾತು, ಉಸಿರು ಸಿಗದೆ ಶಾಲೆಯ ಕಟ್ಟೆಯ ಮೇಲೆ ಬಿದ್ದಳು. ಮಗಳು ಬದುಕಿದ್ದಾಳೆ. ನಿಮ್ಮ ಆದೇಶವೂ ಇನ್ನೂ ಬದುಕಿದೆ. ಅದಕ್ಕಾಗಿ ಈ ಪತ್ರ.

ಊರಿನ ಹೆಸರು ಬರೆಯುತ್ತಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಹೆಸರು ಅದರಲ್ಲಿ ಬಂದರೆ ಈಗಿರುವ ಹೊಸ ಅಡುಗೆಯವಳ ಮೇಲೆ ಇನ್ನೊಂದು ನೋಟಿಸು ಹೋಗುತ್ತದೆ ಎಂಬುದೂ ಗೊತ್ತು. ನಿಮ್ಮ ಕಚೇರಿಯ ಸಿಟ್ಟು ಯಾವತ್ತೂ ಇಳಿಜಾರಿನ ಕಡೆಗೇ ಹರಿಯುತ್ತದೆ. ಇನ್ನು, ಪಂಕ್ತಿಭೇದದ ಪರವಾಗಿ ಯಾವನೋ ವಕಾಲತ್ತು ಮಾಡುತ್ತಿದ್ದಾನೆ ಎಂದು ದಯವಿಟ್ಟು ಮೀಸೆಯಡಿ ನಗಬೇಡಿ. ಆ ಹೊಲಸು ನಿಲ್ಲಬೇಕೆನ್ನುವುದರಲ್ಲಿ ನಾನು ನಿಮಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದೇನೆ. ನನ್ನ ಅಜ್ಜನ ಕಾಲದಲ್ಲಿ ಯಾರಿಗೆ ಯಾವ ಕಪ್ಪಿನಲ್ಲಿ ಚಹಾ ಎಂಬುದು ಈ ಊರಿನಲ್ಲಿ ನಿಗದಿಯಾಗಿತ್ತು. ಅಜ್ಜನ ಕಾಲದಲ್ಲಿ ಎಂದೆನೇ? ಕೆಲವು ಅಂಗಳಗಳಲ್ಲಿ ಈಗಲೂ ನಿಗದಿಯಾಗಿಯೇ ಇದೆ. ಅಲ್ಲಿಗೆ ನಿಮ್ಮ ಜೀಪು ಹೋಗುವುದಿಲ್ಲ, ಏಕೆಂದರೆ ಆ ಅಂಗಳಗಳ ಯಜಮಾನರು ನಿಮಗೆ ಊಟಕ್ಕೆ ಹೇಳುತ್ತಾರೆ.

ನನ್ನ ಕಸುಬು ಗಾಣ. ಎತ್ತಿನ ಗಾಣ ಹೋಗಿ ಕರೆಂಟಿನ ಗಾಣ ಬಂದು ಇಪ್ಪತ್ತು ವರ್ಷವಾಯಿತು, ಆದರೆ ನಾಲ್ಕು ವರ್ಷದ ಹಿಂದಿನವರೆಗೂ ಎಣ್ಣೆ ಅದೇ: ಶೇಂಗಾ ಎಣ್ಣೆ. ಗುಡಗೇರಿ ಸಂತೆಗೆ ಹೋಗುವವರು ದಾರಿಯಲ್ಲಿ ಗಾಡಿ ನಿಲ್ಲಿಸಿ ನಮ್ಮಲ್ಲಿ ಡಬ್ಬಿ ತುಂಬಿಸಿಕೊಂಡು ಹೋಗುತ್ತಿದ್ದರು. ಮಗಳು ಗಂಗಾಂಬಿಕಾ ಹುಟ್ಟಿದಾಗ ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯಲು ಹೆಂಡತಿ ನಂದಾಳ ತವರಿನಿಂದ ಔಡಲೆಣ್ಣೆ, ಕೊಬ್ಬರಿ ಎಣ್ಣೆ ಬಂದವು. ನಮ್ಮವ್ವ ಸುಶೀಲವ್ವ ಎರಡನ್ನೂ ಬದಿಗಿಟ್ಟಳು. "ಗಾಣದವರ ಮನಿ ಕೂಸಿಗೆ ಹೊರಗಿನ ಎಣ್ಣಿ ಯಾಕೋ? ಮಂದಿ ಕೇಳಿದ್ರ ನಗ್ತಾರ," ಎಂದು ನನಗೆ ತಾಕೀತು ಮಾಡಿದಳು. ನಾನು ಎದೆಯುಬ್ಬಿಸಿಕೊಂಡು ಮುಂಜಾನೆಯ ಮೊದಲ ಎಣ್ಣೆಯನ್ನು ಬಟ್ಟಲಲ್ಲಿ ಹಿಡಿದು ಒಳಗೆ ಕಳಿಸುತ್ತಿದ್ದೆ. ಕೂಸಿನ ಮೈಮೇಲೆ ಕೆಂಪು ದದ್ದು ಏಳುತ್ತಿದ್ದವು. ಅವ್ವ ಅದನ್ನು ಪಿತ್ತದ ಗಂಧಿ ಎಂದಳು. ನಮ್ಮ ಕಡೆ ಪಿತ್ತದ ಗಂಧಿಗೆ ಔಷಧ ಎಲ್ಲರಿಗೂ ಗೊತ್ತು: ಕರಿ ಕಂಬಳಿ ಹೊದಿಸಿ ಬೆವರು ಬಿಡಿಸುವುದು. ಕಂಬಳಿ ಹೊದಿಸಿದೆವು. ಚರ್ಮ ಒಣಗಿದೆ ಎಂದು ಇನ್ನಷ್ಟು ಎಣ್ಣೆ ಹಚ್ಚಿದೆವು. ಮತ್ತೆ ದದ್ದು, ಮತ್ತೆ ಕಂಬಳಿ. ಆರು ತಿಂಗಳ ಕೂಸು ಆ ಕಂಬಳಿಯೊಳಗೆ ಅತ್ತ ದನಿ ನೆನಪಾದರೆ ನನಗೆ ಇವತ್ತಿಗೂ ಅನ್ನ ಇಳಿಯುವುದಿಲ್ಲ.

ಮಗು ಬೆಳೆದಂತೆ ಇನ್ನೊಂದು ವಿಚಿತ್ರ ಗಮನಕ್ಕೆ ಬಂತು. ತಾಯಿ ಎತ್ತಿಕೊಂಡರೆ ಏನೂ ಇಲ್ಲ. ನಾನು ಗಾಣದಿಂದ ಬಂದು ಎತ್ತಿಕೊಂಡರೆ ಅದರ ಕೆನ್ನೆ, ಕುತ್ತಿಗೆ ಕೆಂಪಾಗುತ್ತಿತ್ತು. ಓಣಿಯ ಹೆಂಗಸರು, "ಅಪ್ಪನ ದೃಷ್ಟಿ ಭಾಳ ಕೆಟ್ಟೈತಿ," ಎಂದರು. ನಾನು ನಂಬಿದೆ! ಬಿ.ಎ. ಪಾಸಾದವನು, ನನ್ನ ಕಣ್ಣೇ ನನ್ನ ಮಗಳಿಗೆ ಕೆಡುಕು ಎಂದು ನಂಬಿ ಎರಡು ವರ್ಷ ಅವಳನ್ನು ದೂರದಿಂದಲೇ ನೋಡಿದೆ. ಅಲ್ಲಿಯವರೆಗೆ ಶೇಂಗಾ ಬಾಯಿಗಿಟ್ಟರೆ ಉಗುಳುತ್ತಿದ್ದವಳು, ನಾಲ್ಕು ತುಂಬಿದ ವರ್ಷ ಪಂಚಮಿಗೆ ಅವ್ವ ಕೈಯಾರೆ ಕಟ್ಟಿದ ಶೇಂಗಾ ಉಂಡಿಯನ್ನು ಅರ್ಧ ತಿಂದಳು. ಐದೇ ನಿಮಿಷದಲ್ಲಿ ಕಣ್ಣು ಮುಚ್ಚುವಷ್ಟು ಮುಖ ಬಾತಿತು, ಗಂಟಲಿನಲ್ಲಿ ಸೀಟಿಯ ಸದ್ದು. ಹುಬ್ಬಳ್ಳಿಗೆ ಓಡಿದೆವು. ಅಲ್ಲಿಯ ಡಾಕ್ಟರಮ್ಮ ಮಗುವಿಗೆ ಸೂಜಿ ಹಾಕಿ, ಉಸಿರು ಸಮ ಆದಮೇಲೆ ನನ್ನ ಹತ್ತಿರ ಬಂದು ಮೂಗು ಅರಳಿಸಿದರು.

"ನೀವು ಏನು ಕೆಲಸ ಮಾಡ್ತೀರಿ?"

"ಶೇಂಗಾ ಎಣ್ಣಿ ಗಾಣ ಐತ್ರಿ."

"ಅಂಗಿ ವಾಸನಿ ಬರಾಕತ್ತೈತಿ. ಈ ಅಂಗಿ ಹಾಕ್ಕೊಂಡು ಮಗಳನ್ನ ಎತ್ತಿಕೊಬ್ಯಾಡ್ರಿ. ಆಕಿಗೆ ಶೇಂಗಾ ಅಂದ್ರ ವಿಷ. ಒಂದು ಕಾಳೂ ಬ್ಯಾಡ, ಅದರ ಪುಡಿ ಹತ್ತಿದ ಸವಟೂ ಬ್ಯಾಡ."

ಆ ಮಾತು ಕೇಳಿ ನನಗೆ ಆದದ್ದು ದುಃಖವಲ್ಲ, ಖುಷಿ. ಕೆಟ್ಟದ್ದು ನನ್ನ ಕಣ್ಣಲ್ಲ, ನನ್ನ ಅಂಗಿ! ಆ ವಾರವೇ ಗಾಣವನ್ನು ಬಿಚ್ಚಿ, ಕುದಿಯುವ ನೀರಿನಲ್ಲಿ ತೊಳೆದು, ಕುಸುಬಿ ಎಣ್ಣೆಗೆ ಬದಲಾಯಿಸಿದೆ. ಗಾಣದವನ ಮಗಳಿಗೆ ಶೇಂಗಾ ಆಗೂದಿಲ್ಲಂತ ಎಂದು ಊರು ನಕ್ಕಿತು. ನಗಲಿ. ಅವ್ವ ಮಾತ್ರ ನಗಲಿಲ್ಲ. ಇವತ್ತಿಗೂ ಮೊಮ್ಮಗಳಿಗೆ ತಲೆ ಬಾಚುವ ಮೊದಲು ಎರಡು ಸಲ ಸಾಬೂನು ಹಚ್ಚಿ ಕೈ ತೊಳೆಯುತ್ತಾಳೆ.

ನಿಮ್ಮ ಮನೆ ಎಲ್ಲಿಯದೋ ತಿಳಿಯದು, ಆದರೆ ನಮ್ಮ ಕಡೆ ಶೇಂಗಾ ಇಲ್ಲದ ಅಡುಗೆ ಅಡುಗೆಯೇ ಅಲ್ಲ. ಬದನೆಕಾಯಿ ಪಲ್ಯಕ್ಕೆ ಶೇಂಗಾ ಪುಡಿ, ರೊಟ್ಟಿಗೆ ಶೇಂಗಾ ಹಿಂಡಿ ಚಟ್ನಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಸುಗ್ಗಿಯಲ್ಲಿ ರೈತರು ಶಾಲೆಯ ಅಡುಗೆಮನೆಗೂ ಒಂದೊಂದು ಬುಟ್ಟಿ ಶೇಂಗಾ ಪ್ರೀತಿಯಿಂದ ಕೊಡುತ್ತಾರೆ, ಅದನ್ನು ಹುರಿದು ಪುಡಿ ಮಾಡಿ ಸಾರಿಗೂ ಪಲ್ಯಕ್ಕೂ ಹಾಕುತ್ತಾರೆ. ಮಗಳನ್ನು ಶಾಲೆಗೆ ಸೇರಿಸುವಾಗ ಡಾಕ್ಟರಮ್ಮನ ಚೀಟಿ ಹಿಡಿದು ಮುಖ್ಯೋಪಾಧ್ಯಾಯರಾದ ತಿರಕಪ್ಪ ಮಾಸ್ತರರ ಬಳಿ ಹೋದೆ. ಅವರು ನಿಮ್ಮ ಇಲಾಖೆಯ ನಮೂನೆಯನ್ನು ತಿರುವಿ ಹಾಕಿ, "ತತ್ತಿ ತಿಂತಾರೋ ಇಲ್ಲೋ ಅಂತ ಕಾಲಂ ಐತ್ರಿ. ಇದಕ್ಕ ಇಲ್ಲ," ಎಂದರು. ಆಗ ಒಲೆಯ ಮುಂದೆ ಕುಳಿತಿದ್ದ ರೇಣುಕವ್ವ ಎದ್ದು ಬಂದಳು. ಕುರಿ ಕಾಯುವವರ ಮನೆಯವಳು, ಐವತ್ತು ದಾಟಿದವಳು, ಅಕ್ಷರ ಬಾರದವಳು. ನಾನು ಹೇಳಿದ್ದನ್ನು ಒಮ್ಮೆ ಕೇಳಿದಳು, ಎರಡನೆಯ ಸಲ ಹೇಳಬೇಕಾಗಲಿಲ್ಲ.

"ಪುಡಿ ಹಾಕೂದು ಕಡೀಗಲ್ರಿ ಅಣ್ಣಾರ. ಅದಕ್ಕಿಂತ ಮೊದಲ ಆಕಿ ಪಾಲು ಬ್ಯಾರೆ ತಗದಿಡ್ತೀನಿ. ಸವಟೂ ಬ್ಯಾರೆ ಇಡ್ತೀನಿ. ಆ ಚೀಟಿ ನನ್ನ ಕಡೆ ಇರ್ಲಿ ಕೊಡ್ರಿ. ಮಾಸ್ತರು ಎಲ್ಲೆರ ಇಟ್ಟು ಮರೀತಾರ."

ಇಷ್ಟೇ. ಸುತ್ತೋಲೆ ಇಲ್ಲ, ಸಮಿತಿ ಇಲ್ಲ, ತರಬೇತಿ ಇಲ್ಲ. ಮುಚ್ಚಳವಿದ್ದ ಒಂದು ಚಿಕ್ಕ ಪಾತ್ರೆ, ಒಂದು ಸವಟು, ಒಂದು ತಾಟು, ಸಾಲಿನ ತುದಿಯಲ್ಲಿ ಒಂದು ಜಾಗ. ಮಗಳ ಬಾಜು ಕೂರುವ ಹುಡುಗಿಯ ತಾಟಿನಿಂದ ಒಂದು ಚೂರೂ ಸಿಡಿಯಬಾರದೆಂದು ನಡುವೆ ಒಂದು ಗೇಣು ಬಿಡಿಸುತ್ತಿದ್ದಳು. ಎರಡು ವರ್ಷ ನನ್ನ ಮಗಳ ಮೈಮೇಲೆ ಒಂದು ದದ್ದೂ ಏಳಲಿಲ್ಲ. ನಿಮ್ಮ ಇಡೀ ಇಲಾಖೆಗೆ ಇಷ್ಟು ಚೊಕ್ಕವಾಗಿ ಒಂದು ಕೆಲಸ ಮಾಡಿದ ದಾಖಲೆ ಇದೆಯೇ?

ಆಮೇಲೆ ನೀವು ಬಂದಿರಿ. ಸಾಲು ನೋಡಿದಿರಿ, ತುದಿಯಲ್ಲಿ ಬೇರೆ ತಾಟಿನಲ್ಲಿ ಉಣ್ಣುತ್ತಿದ್ದ ಹುಡುಗಿಯನ್ನು ನೋಡಿದಿರಿ. ಅಲ್ಲಿಯವರೆಗೆ ನಿಮ್ಮದು ತಪ್ಪಿಲ್ಲ. ಯಾರು ನೋಡಿದರೂ ಅನುಮಾನ ಬರುವಂಥದ್ದೇ, ಬರಬೇಕಾದ್ದೇ. ಆದರೆ ಅನುಮಾನ ಬಂದ ಮನುಷ್ಯ ಮೊದಲು ಕೇಳಬೇಕಾದದ್ದು "ಏಕೆ?" ಎಂದು. ನೀವು ಕೇಳಿದ್ದು, "ಈ ಮಗು ಯಾವ ಜಾತಿ?"

ರೇಣುಕವ್ವ ಹೇಳಿದಳು: "ಜಾತಿ ಅಲ್ರಿ ಸಾಹೇಬ್ರ, ಶೇಂಗಾ. ಆಕಿಗೆ ಶೇಂಗಾ ತಿಂದ್ರ ಉಸುರು ಕಟ್ತೈತ್ರಿ."

ನೀವು ನಕ್ಕಿರಿ. "ಶೇಂಗಾ ತಿಂದು ಯಾರಾದರೂ ಸಾಯುತ್ತಾರೇನಮ್ಮ? ನಾವೆಲ್ಲ ಅದನ್ನು ತಿಂದೇ ಬೆಳೆದವರು. ಕಥೆ ಹೇಳಬೇಡ," ಎಂದಿರಿ. ಅವಳು ಚೀಟಿ ತೆಗೆಯಲು ಸೊಂಟದ ಸಂಚಿಗೆ ಕೈ ಹಾಕಿದಾಗ, "ಎಲೆ-ಅಡಿಕೆ ಆಮೇಲೆ ಹಾಕಿಕೊ," ಎಂದು ಗದರಿಸಿದಿರಿ. ಆ ಸವಟನ್ನು ಸಾಕ್ಷಿಯೆಂದು ಕಾಗದದಲ್ಲಿ ಸುತ್ತಿ ಜೀಪಿನಲ್ಲಿ ಇಟ್ಟುಕೊಂಡಿರಿ. ಕೊಲೆ ಕೇಸಿನ ಕುಡುಗೋಲು ಹೀಗೆ ಹೋಗುವುದನ್ನು ನೋಡಿದ್ದೇವೆ, ಸವಟು ಹೋದದ್ದು ನಮ್ಮ ತಾಲ್ಲೂಕಿನಲ್ಲಿ ಇದೇ ಮೊದಲು. ನಂತರ ನನ್ನ ಮಗಳನ್ನು ಎಬ್ಬಿಸಿ ಸಾಲಿನ ನಡುವೆ ಕೂರಿಸಿ, ತಲೆ ಸವರಿ, "ಇನ್ನು ಮೇಲೆ ನೀನೂ ಎಲ್ಲರ ಹಾಗೆ. ನಿನಗೇನೂ ಆಗುವುದಿಲ್ಲ," ಎಂದು ಫೋಟೋ ತೆಗೆಸಿಕೊಂಡಿರಿ. ಮೂರು ದಿನಕ್ಕೆ ರೇಣುಕವ್ವನ ಕೆಲಸ ಹೋಯಿತು.

ನಾನು ಸುಮ್ಮನೆ ಕೂರಲಿಲ್ಲ. ನಿಮ್ಮ ಕಚೇರಿಗೆ ಬಂದು, ಮನೆಯಲ್ಲಿಟ್ಟಿದ್ದ, ಡಾಕ್ಟರಮ್ಮನ ಚೀಟಿಯ ಜೆರಾಕ್ಸ್ ಸಮೇತ ಅರ್ಜಿ ಕೊಟ್ಟೆ. ಉತ್ತರ ಬಂತು: "ಅರ್ಜಿಯೊಂದಿಗೆ ಲಗತ್ತು ಇರುವುದಿಲ್ಲ." ಪಿನ್ನು ಹಾಕಿ ಕೊಟ್ಟ ಕಾಗದ ನಿಮ್ಮ ಎರಡು ಮೇಜುಗಳ ನಡುವೆ ಎಲ್ಲಿ ಹೋಯಿತು? ಅಷ್ಟು ದಿನವೂ ಮಗಳಿಗೆ ಮನೆಯಿಂದ ಬುತ್ತಿ ಕಟ್ಟಿ ಕಳಿಸಿದೆವು. ಒಂಬತ್ತನೆಯ ದಿನ ಅವಳು ಬುತ್ತಿ ಬಿಚ್ಚಲಿಲ್ಲ. ಹೊಸ ಅಡುಗೆಯವಳು ನಿಮ್ಮ ಆದೇಶಕ್ಕೆ ಹೆದರಿ ಎಲ್ಲರಿಗೂ ಬಡಿಸಿದಂತೆ ಅವಳಿಗೂ ಬದನೆಕಾಯಿ ಪಲ್ಯ ಬಡಿಸಿದಳು. ಮಗಳು ತಿಂದಳು. ಯಾಕೆ ತಿಂದೆ ಎಂದು ಆಸ್ಪತ್ರೆಯಲ್ಲಿ ಕೇಳಿದೆ. "ಸಾಹೇಬ್ರು ಇನ್ನ ನಿನಗೇನೂ ಆಗೂದಿಲ್ಲ ಅಂದಿದ್ರಲ್ಲಪ್ಪ," ಎಂದಳು. ಎಂಟು ವರ್ಷದ ಮಗು. ಸಾಲಿನ ನಡುವೆ ಕೂರಬೇಕೆಂಬ ಆಸೆ ಅವಳಿಗೆ ಎಷ್ಟು ದಿನದಿಂದ ಇತ್ತೋ. ಜೀಪಿನಲ್ಲಿ ಬಂದ ದೊಡ್ಡ ಮನುಷ್ಯ ಸುಳ್ಳು ಹೇಳುತ್ತಾನೆಯೇ?

ಅವತ್ತು ಅವಳನ್ನು ಉಳಿಸಿದವರು ಯಾರು ಎಂದು ನಿಮ್ಮ ವರದಿಯಲ್ಲಿಲ್ಲ, ನಾನು ಬರೆಯುತ್ತೇನೆ. ಶಾಲೆಯ ಪಕ್ಕದ ಹೊಲದಲ್ಲಿ ಕೂಲಿಗೆ ಕಳೆ ತೆಗೆಯುತ್ತಿದ್ದ ರೇಣುಕವ್ವ ಮಕ್ಕಳ ಕಿರುಚಾಟ ಕೇಳಿ ಓಡಿ ಬಂದಳು. ಮಾಸ್ತರರು ನೀರು ಚಿಮುಕಿಸುತ್ತಿದ್ದರು, ಯಾರೋ ಕಂಬಳಿ ತರಲು ಹೇಳುತ್ತಿದ್ದರು. ಅವಳು ಮಗುವನ್ನು ಕಸಿದುಕೊಂಡು ರಸ್ತೆಗೆ ಹೋಗಿ, ಈರುಳ್ಳಿ ಹೇರಿಕೊಂಡು ಹೊರಟಿದ್ದ ಸಲೀಮನ ಟಂಟಂಗೆ ಅಡ್ಡ ನಿಂತಳು. ಚೀಲಗಳನ್ನು ರಸ್ತೆಯಲ್ಲೇ ಇಳಿಸಿ ಸಲೀಮ ಗಾಡಿ ಓಡಿಸಿದ. ಆರೋಗ್ಯ ಕೇಂದ್ರದಲ್ಲಿ ನರ್ಸ್ ತಬಸುಮ್ ಒಬ್ಬರೇ ಇದ್ದರು. ರೇಣುಕವ್ವ ಸಂಚಿಯಿಂದ ಎಲೆಯ ಕಲೆ ಹತ್ತಿದ ಚೀಟಿ ತೆಗೆದು ಅವರ ಮುಂದೆ ಹಿಡಿದಳು. ಆ ನರ್ಸ್ ಅದನ್ನು ಓದಿ ಒಂದು ಕ್ಷಣವೂ ತಡಮಾಡದೆ ಸೂಜಿ ಹಾಕಿದರು. ನಿಮ್ಮ ಕಚೇರಿಯಲ್ಲಿ ಕಳೆದುಹೋದ ಕಾಗದ, ಓದು ಬಾರದ ಹೆಂಗಸಿನ ಸೊಂಟದಲ್ಲಿ ಎರಡು ವರ್ಷ ಭದ್ರವಾಗಿತ್ತು.

ಇದಾದ ಮೇಲೆ ನೀವು ಏನು ಮಾಡಿದಿರಿ? "ಮಗುವಿನ ಹಿತದೃಷ್ಟಿಯಿಂದ ಮನೆಯಲ್ಲಿಯೇ ಊಟದ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು" ಎಂದು ನನಗೊಂದು ಪತ್ರ ಕಳಿಸಿದಿರಿ. ಬೇರೆ ತಾಟು ಭೇದವಾಗಿತ್ತು, ಮಗುವನ್ನೇ ಶಾಲೆಯ ಊಟದಿಂದ ಹೊರಗೆ ಹಾಕಿದ್ದು ಸಮಾನತೆಯಾಯಿತೇ? ರೇಣುಕವ್ವನ ಮೇಲಿನ ಆದೇಶದ ಬಗ್ಗೆ ಒಂದಕ್ಷರವಿಲ್ಲ. ಮಕ್ಕಳಿಗೆ ಭೇದ ಮಾಡಿದವಳು ಎಂಬ ಹೆಸರು ಊರಿಗೆಲ್ಲ ಹಬ್ಬಿದೆ. ಮೊದಲು ಮದುವೆ, ಸೀಮಂತಗಳಿಗೆ ಅಡುಗೆಗೆ ಅವಳನ್ನೇ ಕರೆಯುತ್ತಿದ್ದ ಮನೆಗಳು ಈಗ ಕರೆಯುವುದಿಲ್ಲ. ನೀವು ಸರ್ಕಾರದ ಸೀಲು ಒತ್ತಿ ಅವಳಿಗೆ ಅಂಟಿಸಿದ್ದು, ಅವಳ ಜನರೇ ತಲೆಮಾರುಗಳಿಂದ ಉಂಡ ಅವಮಾನವನ್ನು ಇನ್ನೊಬ್ಬರಿಗೆ ಉಣಿಸಿದಳೆಂಬ ಆಪಾದನೆಯನ್ನು.

ನನ್ನ ಅಸಹ್ಯವನ್ನೆಲ್ಲ ನಿಮ್ಮ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ನನಗೆ ಆಗುತ್ತಿಲ್ಲ. ಹೋದ ವಾರ ಆದೇಶದ ಪ್ರತಿ ನನ್ನ ಕೈಗೆ ಸಿಕ್ಕಿತು. ಅದರ ಎರಡನೆಯ ಸಾಲು: "ಮಗುವಿನ ತಂದೆಯ ಲಿಖಿತ ಹೇಳಿಕೆಯ ಮೇರೆಗೆ." ನೀವು ಬಂದುಹೋದ ಮರುದಿನ ನಿಮ್ಮ ಗುಮಾಸ್ತ ಗಾಣಕ್ಕೆ ಬಂದು, "ಮಗುವಿಗೆ ಬೇರೆ ಬಡಿಸ್ತಿದ್ರು ಅಂತ ಒಂದು ಸಹಿ ಮಾಡ್ರಿ, ಕಡತಕ್ಕ ಬೇಕು," ಎಂದಿದ್ದ. ನಿಜವೇ ತಾನೇ, ಮಗಳ ತೊಂದರೆ ಕಡತಕ್ಕೆ ಸೇರಲಿ ಎಂದುಕೊಂಡು, ಎಣ್ಣೆ ಕೈ ಒರೆಸಿಕೊಂಡು, ಓದದೆ ಸಹಿ ಮಾಡಿದೆ. ಅಲ್ಲಿದ್ದ ಪ್ರತಿ ಮಾತೂ ನಿಜ. ಏಕೆ ಎಂಬ ಒಂದು ಮಾತು ಮಾತ್ರ ಇರಲಿಲ್ಲ. ನನ್ನ ಮಗಳನ್ನು ಕಾಯ್ದವಳನ್ನು ನನ್ನದೇ ಸಹಿ ಹೊರಗೆ ಹಾಕಿತು.

ನಮ್ಮ ಬೇಡಿಕೆ ದೊಡ್ಡದಲ್ಲ. ಒಂದು, ರೇಣುಕವ್ವನ ಮೇಲಿನ ಆದೇಶವನ್ನು ರದ್ದು ಮಾಡಿ. ಪಂಕ್ತಿಭೇದ ಎಂಬ ಶಬ್ದವನ್ನು ಅವಳ ಹೆಸರಿನ ಮುಂದಿನಿಂದ ಹೊಡೆದುಹಾಕಿ. ಅದನ್ನು ಅಂಚೆಯಲ್ಲಿ ಕಳಿಸಬೇಡಿ, ಅವಳಿಗೆ ಓದು ಬರುವುದಿಲ್ಲ. ಯಾವುದಾದರೂ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಬಂದು, ಅದೇ ಮಕ್ಕಳ ಎದುರು, ಊರಿನವರ ಎದುರು ನೀವೇ ಓದಿ. ಫೋಟೋದವರನ್ನು ಬೇಕಾದರೆ ಕರೆತನ್ನಿ. ಇನ್ನೊಂದು, ನಿಮ್ಮ ನಮೂನೆಯಲ್ಲಿ ಯಾವ ಮಗುವಿಗೆ ಏನು ಆಗುವುದಿಲ್ಲ ಎಂದು ಬರೆಯಲು ಒಂದು ಕಾಲಂ ಹಾಕಿ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಮಗಳನ್ನು ಕರೆದುಕೊಂಡು ಬಂದು ನಿಮ್ಮ ಮೇಜಿನ ಎದುರು ಕೂರುತ್ತೇನೆ, ಅವಳೇ ನಿಮ್ಮನ್ನು ಕೇಳಲಿ.

ಆದೇಶ ಓದಿದ ದಿನ ನಾನು ರೇಣುಕವ್ವನ ಮನೆಗೆ ಹೋದೆ. ಸಹಿಯ ವಿಷಯ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ನಿಂತು, "ಅಕ್ಕಾರ, ಆ ಕಾಗದದಾಗ..." ಎನ್ನುವಷ್ಟರಲ್ಲಿ ಅವಳು ಕೈ ಅಡ್ಡ ಮಾಡಿದಳು.

"ನಿಮ್ಮ ಸಹಿ ಐತಿ ಅಂತ ಕೆಲಸ ಹ್ವಾದ ದಿನಾನ ಗುಮಾಸ್ತ ಓದಿ ಹೇಳ್ಯಾನ್ರಿ. ಅದಿರ್ಲಿ ಬಿಡ್ರಿ. ಹುಡುಗಿ ಹೆಂಗದಾಳ?"

ಅಂದರೆ, ಹೊಲದಿಂದ ಓಡಿ ಬಂದು ನನ್ನ ಮಗಳನ್ನು ಎತ್ತಿಕೊಂಡಾಗ ಅವಳಿಗೆ ಗೊತ್ತಿತ್ತು.

ಇಂತಿ,
ತಲೆ ಎತ್ತಿ ರೇಣುಕವ್ವನ ಓಣಿಯಲ್ಲಿ ನಡೆಯಲಾಗದ,
ಗೌರೀಶ, ಕುಸುಬಿ ಎಣ್ಣೆ ಗಾಣದವನು